ಶಂಖ ಅಲ್ಲ, ಅದು ಬಸವನಹುಳು

ಅಂಕೋಲಾ ತಾಲೂಕಿನ ಓದುಗರೊಬ್ಬರ ಪತ್ರದಿಂದ:

"ನನ್ನ ಭಾವ ಸೈನ್ಯದಲ್ಲಿದ್ದವರು. ಮಣಿಪುರದ ಪಾಲೆಲ್‌ನಲ್ಲಿದ್ದಾಗ, ಯುದ್ಧಕಾಲದ ಹಳೇ ವಿಮಾನ ನಿಲ್ದಾಣದ ಅಂಚಿನಲ್ಲಿ ಚರಂಡಿ ತೋಡುವಾಗ ಅವರಿಗೆ ಒಂದು ಪಾನಾ ಸಿಕ್ಕಿತ್ತು. ಟ್ರಂಕಿನಲ್ಲಿ ಹಾಕಿಕೊಂಡು ಊರಿಗೆ ತಂದರು. ಅವರು ತೀರಿಕೊಂಡ ಮೇಲೆ ಅಕ್ಕ ಅದನ್ನು ನನಗೆ ಕೊಟ್ಟಳು. ಅದರ ಮೇಲೆ ಶಂಖದ ಚಿತ್ರ ಇದೆ. ಕಾಗೆ ಕಾಲಿನಂಥ ಗುರುತಿದೆ. ದೊಡ್ಡ ಬಾಯಿಯ ಹತ್ತಿರ '3/8 ಡಬ್ಲ್ಯು' ಅಂತಲೂ '7/16 ಬಿ.ಎಸ್.' ಅಂತಲೂ ಇದೆ. ಇನ್ನೊಂದು ಕಡೆ '194' ಅಂತ ಇದ್ದು ಮುಂದಿನ ಅಂಕಿ ತುಕ್ಕು ತಿಂದಿದೆ. ಬಾಯಿ ಅಳೆದರೆ 18 ಮಿ.ಮೀ. ಬರುತ್ತೆ. 3/8 ಇಂಚು ಅಂದ್ರೆ ಒಂಬತ್ತೂವರೆ ಮಿ.ಮೀ. ಅಲ್ವಾ? ಪರಿಚಯದವರೊಬ್ಬರು ಜಪಾನಿನದು ಅಂದರು. ಇನ್ನೊಬ್ಬರು ಶಂಖ ನೋಡಿ ತಿರುವಾಂಕೂರಿನದು ಅಂದರು. ನನಗೆ ಇದು ನೇತಾಜಿಯವರ ಆಜಾದ್ ಹಿಂದ್ ಫೌಜಿನದು ಅನ್ನಿಸುತ್ತೆ. ಹಾಗಂತ ಚೀಟಿ ಬರೆದು ನಮ್ಮೂರ ಶಾಲೆಗೆ ಕೊಡಬೇಕು ಅಂತಿದ್ದೇನೆ. ಉಜ್ಜಿ ಪಾಲಿಶ್ ಮಾಡಿಸಲಾ? ಇಟ್ಟುಕೊಂಡರೆ ಕಾನೂನಿನ ತೊಂದರೆ ಇದೆಯಾ? ಅಂದಹಾಗೆ, ತೋಟದ ಹಳೇ ಲಿಸ್ಟರ್ ಇಂಜಿನ್ನಿನ ಒಂದು ನಟ್ಟಿಗೆ 17ರ ಪಾನಾ ಹೋಗುವುದಿಲ್ಲ, 19 ಜಾರುತ್ತೆ, ಇದು ಮಾತ್ರ ಅಚ್ಚುಕಟ್ಟಾಗಿ ಕೂರುತ್ತೆ."

ಸಂಪಾದಕರ ಉತ್ತರ:

ನಮಸ್ಕಾರ. ಮೊದಲು ಒಂದು ಮಾತು. ದಯವಿಟ್ಟು ಪಾಲಿಶ್ ಮಾಡಿಸಬೇಡಿ. ಈ ಉತ್ತರ ಪೂರ್ತಿ ಓದುವ ತನಕವಾದರೂ ಅದನ್ನು ಮುಟ್ಟದೆ ಇಡಿ. ಯಾಕೆ ಅಂತ ಕೊನೆಗೆ ಹೇಳ್ತೇನೆ.

ನೀವು ಕಳಿಸಿದ ನಾಲ್ಕು ಫೋಟೋಗಳನ್ನು ಭೂತಕನ್ನಡಿ ಹಿಡಿದು ಎಷ್ಟು ಸಲ ನೋಡಿದೆನೋ. ಆದರೆ ನನಗೆ ದಾರಿ ತೋರಿಸಿದ್ದು ಫೋಟೋ ಅಲ್ಲ, ಪತ್ರದ ಕೊನೆಯಲ್ಲಿ "ಅಂದಹಾಗೆ" ಅಂತ ಬರೆದಿರುವ ಸಾಲು. ನೀವು ಅದನ್ನು ಸುಮ್ನೆ ಬರೆದಿದ್ದೀರಿ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅದರಲ್ಲೇ ಇದೆ.

ಈಗಿನ ಪಾನಾದ ಮೇಲೆ 17 ಅಂತ ಇದ್ದರೆ ಅದರ ಬಾಯಿ 17 ಮಿ.ಮೀ. ಅಂತಲೇ ಅರ್ಥ. ಅಮೆರಿಕದ ಪಾನಾದ ಮೇಲೆ 3/4 ಅಂತ ಇದ್ದರೆ ಬಾಯಿ ಮುಕ್ಕಾಲು ಇಂಚು. ಹಳೇ ಇಂಗ್ಲಿಷ್ ಪಾನಾದ ಲೆಕ್ಕ ಬೇರೆ. ಅದರ ಮೇಲೆ ಬರೆದಿರುವುದು ಬಾಯಿಯ ಅಳತೆಯಲ್ಲ, ಬೋಲ್ಟಿನ ದಪ್ಪ. 3/8 ಇಂಚು ದಪ್ಪದ ಬೋಲ್ಟಿನ ತಲೆಗೆ ಕೂರುವ ಪಾನಾ ಅಂತ ಅದರ ಅರ್ಥ, ತಲೆ ಎಷ್ಟು ಅಗಲ ಇರಬೇಕು ಅನ್ನುವುದನ್ನು ಬೇರೆ ಪಟ್ಟಿ ಹೇಳುತ್ತೆ. 3/8ಕ್ಕೆ ಆ ಪಟ್ಟಿಯಲ್ಲಿರುವ ಅಗಲ 0.710 ಇಂಚು, ಅಂದರೆ 18.03 ಮಿ.ಮೀ. ನೀವು ಅಳೆದಿದ್ದೂ 18. ಅಮೆರಿಕದ 11/16 ಇಂಚು 17.5ರ ಹತ್ತಿರ ನಿಲ್ಲುತ್ತೆ, 3/4 ಇಂಚು 19 ದಾಟುತ್ತೆ. ಇದು ಎರಡಕ್ಕೂ ನಡುವೆ ಬಂತು. ಸಣ್ಣ ಬಾಯಿಯನ್ನೂ ಅಳೆದು ನೋಡಿ. ಅಲ್ಲಿ 5/16 ಡಬ್ಲ್ಯು ಅಂತ ಇದ್ದರೆ ಅಳತೆ 15.2 ಮಿ.ಮೀ. ಹತ್ತಿರ ಬರಬೇಕು.

ಡಬ್ಲ್ಯು ಅಂದರೆ ವಿಟ್ವರ್ತ್. ಮ್ಯಾಂಚೆಸ್ಟರಿನ ಜೋಸೆಫ್ ವಿಟ್ವರ್ತ್ 1841ರಲ್ಲಿ, ಎಲ್ಲ ಕಾರ್ಖಾನೆಗಳಲ್ಲೂ ಬೋಲ್ಟಿನ ಥ್ರೆಡ್ ಒಂದೇ ಥರ ಇರಬೇಕು ಅಂತ ಹೇಳಿ 55 ಡಿಗ್ರಿ ಕೋನದ ಥ್ರೆಡ್ ಸೂಚಿಸಿದರು. ಅದಕ್ಕೆ ಮೊದಲು ಒಂದು ಕಾರ್ಖಾನೆಯ ನಟ್ಟು ಇನ್ನೊಂದು ಕಾರ್ಖಾನೆಯ ಬೋಲ್ಟಿಗೆ ಹತ್ತುತ್ತಲೇ ಇರಲಿಲ್ಲ. ಬಿ.ಎಸ್. ಅನ್ನುವುದು ಅದೇ ಬ್ರಿಟಿಷ್ ಮನೆತನದ ಸಣ್ಣ ಥ್ರೆಡ್ಡು. 7/16ರ ಸಣ್ಣ ಥ್ರೆಡ್ ಬೋಲ್ಟಿಗೂ 3/8ರ ದಪ್ಪ ಥ್ರೆಡ್ ಬೋಲ್ಟಿಗೂ ತಲೆ ಒಂದೇ ಅಗಲ, ಅದಕ್ಕೇ ಒಂದೇ ಬಾಯಿಗೆ ಎರಡು ಹೆಸರು. ಯುದ್ಧದ ಹೊತ್ತಿನಲ್ಲಿ ಉಕ್ಕು ಉಳಿಸೋದಕ್ಕೆ ದಪ್ಪ ಥ್ರೆಡ್ಡಿನ ಬೋಲ್ಟಿನ ತಲೆಯನ್ನೂ ಒಂದು ಅಳತೆ ಇಳಿಸಿದರು. ಒಂದೊಂದು ಬೋಲ್ಟಿನ ತಲೆಯಿಂದ ಚೂರು ಚೂರು ಉಕ್ಕು. ಅಷ್ಟು ಲೆಕ್ಕ ಹಾಕುವ ಕಾಲ ಅದು.

ಇನ್ನು ನಿಮ್ಮ ಲಿಸ್ಟರ್. ಅದು ಇಂಗ್ಲೆಂಡಿನ ಡರ್ಸ್ಲಿ ಅನ್ನುವ ಊರಿನ ಕಂಪನಿಯ ಇಂಜಿನ್ನು. ಅದರ ನಟ್ಟುಗಳೂ ವಿಟ್ವರ್ತ್ ಅಳತೆಯವೇ. ಮಣಿಪುರದ ಚರಂಡಿಯಲ್ಲಿ ಸಿಕ್ಕಿದ ಪಾನಾ ಅಂಕೋಲಾದ ಅಡಕೆ ತೋಟದ ಇಂಜಿನ್ನಿಗೆ ಸರಿಯಾಗಿ ಕೂತಿತು ಅಂತ ಓದಿದಾಗ ನನಗೆ ನಿಜಕ್ಕೂ ಮೈ ಜುಮ್ ಅಂತು. ಆದರೂ ಖಾತ್ರಿ ಮಾಡಿಕೊಳ್ಳೋಣ ಅಂತ ಇಲ್ಲಿ ಕಾರವಾರದ ಕೋಡಿಬಾಗದಲ್ಲಿ ಹಳೇ ಬುಲೆಟ್ ರಿಪೇರಿ ಮಾಡುವ ಮೇಸ್ತ್ರಿಯೊಬ್ಬರ ಹತ್ತಿರ ಹೋದೆ. ಹಳೇ ಬುಲೆಟ್ಟಿನ ನಟ್ಟುಗಳೂ ಇದೇ ಬ್ರಿಟಿಷ್ ಅಳತೆಯವು. ಫೋಟೋ ತೋರಿಸಿದೆ. ಅವರು ಮಾತಾಡಲೇ ಇಲ್ಲ. ಗ್ರೀಸು ಮೆತ್ತಿದ ಡಬ್ಬಿಯ ತಳದಿಂದ ಒಂದು ಪಾನಾ ತೆಗೆದು, ಪ್ಯಾಂಟಿಗೆ ಒರೆಸಿ, ನನ್ನ ಕೈಗಿಟ್ಟರು. 3/8 ಡಬ್ಲ್ಯು. ಅಳೆದೆವು. 18, ಕೂದಲೆಳೆಯಷ್ಟು ಜಾಸ್ತಿ.

ಜಪಾನಿನ ವಿಷಯ. ಬರೀ ವಿಟ್ವರ್ತ್ ಅಳತೆ ನೋಡಿ ಜಪಾನನ್ನು ತಳ್ಳಿಹಾಕುವ ಹಾಗಿಲ್ಲ, ಅಲ್ಲೂ ಆ ಥ್ರೆಡ್ ಬಹಳ ಕಾಲ ಬಳಕೆಯಲ್ಲಿತ್ತು. ತಳ್ಳಿಹಾಕುವುದು ಕಾಗೆ ಕಾಲು. ಮೂರು ಗೀಟು ಒಂದು ತುದಿಯಲ್ಲಿ ಸೇರುವ ಆ ಬಾಣ ಬ್ರಿಟಿಷ್ ಸರ್ಕಾರದ ಸೊತ್ತಿನ ಗುರುತು. ಹಗ್ಗ, ಪೀಪಾಯಿ, ಬಂದೂಕು, ಕಂಬಳಿ, ಸರ್ಕಾರದ್ದು ಅಂದರೆ ಬಾಣ. ಕೆನಡಾದವರು ಅದನ್ನು ಸಿ ಅಕ್ಷರದ ಒಳಗೆ ಒತ್ತುತ್ತಿದ್ದರು, ಆಸ್ಟ್ರೇಲಿಯಾದವರು ಎರಡು ಡಿ ನಡುವೆ. ಭಾರತದ ದಾಸ್ತಾನಿಗೆ ಸೇರಿದ್ದಾದರೆ ಬಾಣದ ಕೆಳಗೆ ಇಂಗ್ಲಿಷಿನ ಐ ಅಕ್ಷರ. ನಿಮ್ಮ ಮೂರನೇ ಫೋಟೋದಲ್ಲಿ ಬಾಣದ ಬುಡದಲ್ಲಿ ಒಂದು ಸಣ್ಣ ನೆಟ್ಟನೆ ಗೀಟಿದೆ. ನೀವು ಅದರ ಪಕ್ಕ "ಗೀರು" ಅಂತ ಪೆನ್ಸಿಲಿನಲ್ಲಿ ಬರೆದಿದ್ದೀರಿ. ಗೀರು ಇರಬಹುದು. ಐ ಕೂಡ ಇರಬಹುದು. ರಾತ್ರಿ ದೀಪ ಆರಿಸಿ, ಟಾರ್ಚನ್ನು ಪಕ್ಕದಿಂದ, ಹೆಚ್ಚು ಕಮ್ಮಿ ಮಲಗಿಸಿ ಹಿಡಿದು ನೋಡಿ. ಅಚ್ಚು ಒತ್ತಿದ ಅಕ್ಷರವಾದರೆ ಅಂಚು ಸಮನಾಗಿ ನೆರಳು ಬಿಡುತ್ತೆ. ಗೀರಿನ ನೆರಳು ಒಂದು ಕಡೆ ತೆಳ್ಳಗಾಗಿ ಮಾಯವಾಗುತ್ತೆ.

ಶಂಖಕ್ಕೆ ಬರೋಣ. ನಿಮ್ಮ ಪರಿಚಯದವರು ತಿರುವಾಂಕೂರು ಅಂದಿದ್ದು ಸುಮ್ಮನೆ ಅಲ್ಲ, ಆ ಸಂಸ್ಥಾನದ ಲಾಂಛನದಲ್ಲಿ ಶಂಖ ಇತ್ತು. ಕಡಲ ತೀರದ ನಮಗೆ ಸುರುಳಿ ಕಂಡರೆ ಶಂಖವೇ ನೆನಪಾಗುವುದು. ಆದರೆ ಫೋಟೋವನ್ನು ತಿರುಗಿಸಿ ಹಿಡಿದು, ಸುರುಳಿಯ ಮುಂದಿನ ತುದಿ ನೋಡಿ. ಅಲ್ಲಿ ಎರಡು ಸಣ್ಣ ಕೊಂಬಿವೆ. ಸುರುಳಿಯ ಕೆಳಗೆ ಚಪ್ಪಟೆಯಾದ ಮೈ ಹರಡಿಕೊಂಡಿದೆ. ಮಳೆಗಾಲದಲ್ಲಿ ಅಡಕೆ ಮರದ ಬುಡದಲ್ಲಿ ನೀವು ದಿನಾ ನೋಡುವ ಪ್ರಾಣಿ ಅದು. ಬಸವನಹುಳು! ಬರ್ಮಿಂಗ್‌ಹ್ಯಾಮಿನ ಸಾಲ್ಟ್ಲಿಯಲ್ಲಿದ್ದ ಥಾಮಸ್ ಸ್ಮಿತ್ ಅಂಡ್ ಸನ್ಸ್ ಕಂಪನಿಯ ಪಾನಾಗಳಿಗೆ ಬಸವನಹುಳುವಿನ ಮಾರ್ಕು ಇತ್ತು, 'ಸ್ನೇಲ್ ಬ್ರ್ಯಾಂಡ್' ಅಂತಲೇ ಅವು ಹೆಸರುವಾಸಿ. ಹಾಗಾಗಿ ಹುಟ್ಟಿದ ಊರು ಸಿಕ್ಕಿತು. ಒಂದು ವೇಳೆ ಬಾಣದ ಕೆಳಗೆ ಐ ಇದ್ದರೂ ಅದು ಭಾರತದಲ್ಲಿ ತಯಾರಾಯಿತು ಅಂತ ಅರ್ಥ ಅಲ್ಲ, ಭಾರತದ ಲೆಕ್ಕಕ್ಕೆ ಬಂತು ಅಂತ ಅಷ್ಟೇ.

ಈಗ ನಿಮ್ಮ ಮನಸ್ಸಿನಲ್ಲಿರುವ ಪ್ರಶ್ನೆ. 1930ರಲ್ಲಿ ಉಪ್ಪಿನ ಸತ್ಯಾಗ್ರಹ ಮಾಡಿದ ತಾಲೂಕಿನವರು ನೀವು. ಆ ಪಾನಾದ ಪಕ್ಕ ನೇತಾಜಿಯವರ ಹೆಸರು ಇರಲಿ ಅಂತ ಆಸೆ ಪಡುವುದು ನನಗೆ ಚೆನ್ನಾಗಿ ಅರ್ಥವಾಗುತ್ತೆ. ಜಾಗವೂ ಸುಳ್ಳಲ್ಲ. 1944ರ ಏಪ್ರಿಲ್ 14ರಂದು ಫೌಜಿನವರು ಮಣಿಪುರದ ಮೊಯಿರಾಂಗಿನಲ್ಲಿ ಬಾವುಟ ಏರಿಸಿದರು. ಮೇ ತಿಂಗಳ ಮೊದಲ ದಿನಗಳಲ್ಲಿ ಅದೇ ಫೌಜಿನ ಗಾಂಧಿ ಬ್ರಿಗೇಡ್ ಅನ್ನುವ ತುಕಡಿಯ ಸೈನಿಕರು ರಾತ್ರಿ ಹೊತ್ತು ಪಾಲೆಲ್ ವಿಮಾನ ನಿಲ್ದಾಣದ ಮೇಲೆ ದಾಳಿಗೆ ಹೋದರು. ಬ್ರಿಟಿಷ್ ಗುರುತು ಇರುವುದರಿಂದ ಅವರದ್ದು ಆಗಿರಲಿಕ್ಕೇ ಸಾಧ್ಯವಿಲ್ಲ ಅಂತಲೂ ಹೇಳಲಾಗದು, ಯಾಕೆಂದರೆ 1942ರ ಫೆಬ್ರವರಿ 15ಕ್ಕೆ ಸಿಂಗಪುರ ಬಿದ್ದಾಗ ಬ್ರಿಟಿಷರ ದಾಸ್ತಾನು ಜಪಾನಿಯರ ಕೈಗೆ ಹೋಯಿತು, ಅದರಿಂದಲೇ ಫೌಜಿಗೆ ಬಂದೂಕುಗಳು ಸಿಕ್ಕವು.

ಆದರೆ ಯೋಚಿಸಿ. ಪಾಲೆಲ್‌ನ ವಿಮಾನ ನಿಲ್ದಾಣ ಬ್ರಿಟಿಷರ ಕೈಯಲ್ಲಿತ್ತು. ಅಲ್ಲಿ ಹರಿಕೇನ್ ವಿಮಾನಗಳಿದ್ದವು, ಲಾರಿಗಳಿದ್ದವು, ಮೋಟಾರ್ ಸೈಕಲ್ಲುಗಳಿದ್ದವು. ರಾತ್ರಿ ಕಾಡಿನ ದಾರಿಯಲ್ಲಿ ನಡೆದು ದಾಳಿಗೆ ಬರುವವನು ಬಂದೂಕು ಹೊರುತ್ತಾನೆ, ಗುಂಡು ಹೊರುತ್ತಾನೆ, ಸಿಕ್ಕರೆ ಒಂದು ಹಿಡಿ ಅಕ್ಕಿ ಹೊರುತ್ತಾನೆ. ಪಾನಾ ಹೊರುವುದು ಅಲ್ಲೇ ದಿನಾ ಇಂಜಿನ್ ಬಿಚ್ಚಿ ಜೋಡಿಸುವವನು. ಅವನೂ ನಮ್ಮವನೇ ಇರಬಹುದು, ಬ್ರಿಟಿಷರ ಪಡೆಯಲ್ಲೂ ಸಾವಿರಾರು ಭಾರತೀಯರು ಇದ್ದರಲ್ಲ. ಆಗ ಇಂಫಾಲದಲ್ಲಿ ಭಾರತೀಯ ವಾಯುಪಡೆಯ 1ನೇ ಸ್ಕ್ವಾಡ್ರನ್ ಹರಿಕೇನ್ ಹಾರಿಸುತ್ತಿತ್ತು, ಅದರ ಮುಖ್ಯಸ್ಥರು ಅರ್ಜನ್ ಸಿಂಗ್. ಆ ವಿಮಾನಗಳ ಕೆಳಗೆ, ಕೆಸರಿನಲ್ಲಿ, ಎಣ್ಣೆ ಕೈಯಲ್ಲಿ ನಿಂತ ಹುಡುಗರ ಹೆಸರನ್ನು ಯಾವ ಶಾಲೆಯ ಕಪಾಟಿನಲ್ಲೂ ನಾನು ನೋಡಿಲ್ಲ. ನನಗೆ ಅದು ನೋವಿನ ವಿಷಯ.

ಇದನ್ನು ಒಂದು ಅಂಕಿ ಬಹಳ ಮಟ್ಟಿಗೆ ತೀರ್ಮಾನ ಮಾಡಬಹುದು. 194 ಆದ ಮೇಲೆ ತುಕ್ಕು ತಿಂದಿರುವ ಅಂಕಿ. ಅದು 3 ಅಥವಾ 4 ಆಗಿದ್ದರೆ ಈ ಪಾನಾ ಸಿಂಗಪುರದ ದಾಸ್ತಾನಿನದ್ದಲ್ಲ, ಸಿಂಗಪುರ ಬಿದ್ದ ಮೇಲೆ ಹುಟ್ಟಿದ್ದು. 5 ಆಗಿದ್ದರೆ ಪಾಲೆಲ್ ದಾಳಿ ಮುಗಿದ ಮೇಲಿನದು. 0 ಅಥವಾ 1 ಆಗಿದ್ದರೆ ಮಾತ್ರ ನಿಮ್ಮ ಊಹೆಯ ಬಾಗಿಲು ಒಂಚೂರು ತೆರೆದಿರುತ್ತೆ.

ಅದಕ್ಕೇ ಪಾಲಿಶ್ ಬೇಡ ಅಂದೆ. ಮರಳು ಕಾಗದ ಎರಡು ಸಲ ಆಡಿದರೆ ಆ ಅಂಕಿ ಹೋಯಿತು, ಮತ್ತೆ ಬರುವುದಿಲ್ಲ. ನಮ್ಮ ಮನೆಯಲ್ಲಿ ಅಜ್ಜನ ಕಾಲದ ಒಂದು ಕತ್ತಿ ಇತ್ತು, ಹಿಡಿಯ ಹತ್ತಿರ ಕಮ್ಮಾರನ ಗುರುತು ಇತ್ತು. ಚೆಂದ ಕಾಣಲಿ ಅಂತ ನಾನೇ ಅದನ್ನು ಗ್ರೈಂಡರಿಗೆ ಹಿಡಿಸಿದೆ. ಯಾವ ಊರಿನ ಕತ್ತಿ ಅಂತ ಈಗ ಕೇಳೋಣ ಅಂದರೆ ಗುರುತೂ ಇಲ್ಲ, ಅಜ್ಜನೂ ಇಲ್ಲ.

ಹೀಗೆ ಮಾಡಿ. ಒಂದು ರಾತ್ರಿ ಸೀಮೆಎಣ್ಣೆಯಲ್ಲಿ ಮುಳುಗಿಸಿಡಿ. ಬೆಳಿಗ್ಗೆ ಹಳೇ ಟೂತ್‌ಬ್ರಶ್‌ನಿಂದ ಮೆಲ್ಲಗೆ ಉಜ್ಜಿ. ತಂತಿ ಬ್ರಶ್ ಬೇಡ, ಹುಳಿ ಹಾಕಬೇಡಿ, ಬೆಂಕಿಗೆ ಹಿಡಿಯಬೇಡಿ. ಒಣಗಿದ ಮೇಲೆ ಅಂಕಿಯ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲನ್ನು ಮಲಗಿಸಿ ಉಜ್ಜಿ, ಚಿಕ್ಕವರಿದ್ದಾಗ ನಾಣ್ಯದ ಅಚ್ಚು ತೆಗೀತಿದ್ದೆವಲ್ಲ, ಹಾಗೆ. ಕಣ್ಣಿಗೆ ಕಾಣದ ಅಂಕಿ ಎಷ್ಟೋ ಸಲ ಕಾಗದದಲ್ಲಿ ಕಾಣುತ್ತೆ. ಆಮೇಲೆ ಹೊಲಿಗೆ ಯಂತ್ರದ ಎಣ್ಣೆ ತೆಳ್ಳಗೆ ಸವರಿ. ತೆಂಗಿನೆಣ್ಣೆ ಬೇಡ, ಅಂಟಾಗಿ ಧೂಳು ಹಿಡಿಯುತ್ತೆ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಎಣ್ಣೆ ಇಲ್ಲದ ಕಬ್ಬಿಣ ಒಂದು ಮಳೆಗಾಲ ತಡೆಯುವುದಿಲ್ಲ. ಇಂಜಿನ್ನಿಗೂ ಇನ್ನು ಹಾಕಬೇಡಿ, ಬೇರೆ ವಿಟ್ವರ್ತ್ ಪಾನಾ ಹಳೇ ಗ್ಯಾರೇಜುಗಳಲ್ಲಿ ಕೇಳಿದರೆ ಸಿಗುತ್ತೆ.

ಕಾನೂನಿನ ಭಯ ಬೇಡ. 1972ರ ಪ್ರಾಚೀನ ವಸ್ತುಗಳ ಕಾಯ್ದೆ ಇಂಥ ವಸ್ತುವಿಗೆ ಅನ್ವಯವಾಗಬೇಕಾದರೆ ಅದಕ್ಕೆ ನೂರು ವರ್ಷ ಆಗಿರಬೇಕು. ಆದರೆ ಮಣಿಪುರದಲ್ಲಿ ಆ ಯುದ್ಧದ ಸಿಡಿಯದ ಗುಂಡುಗಳು ಇವತ್ತಿಗೂ ಮಣ್ಣಿನಿಂದ ಏಳುತ್ತವೆ. ಭಾವನ ಟ್ರಂಕಿನಲ್ಲಿ ಪಾನಾ ಬಿಟ್ಟು ಉದ್ದನೆಯ, ಮುಚ್ಚಿದ ಲೋಹದ ವಸ್ತು ಏನಾದರೂ ಇದ್ದರೆ ಮುಟ್ಟದೆ ಪೊಲೀಸರಿಗೆ ಹೇಳಿ.

ಶಾಲೆಗೆ ಕೊಡುವ ಚೀಟಿಯಲ್ಲಿ ಸದ್ಯಕ್ಕೆ ಹೀಗೆ ಬರೆಯಬಹುದು: "ಪಾನಾ. ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾದದ್ದು. ಬ್ರಿಟಿಷ್ ಸರ್ಕಾರದ ಬಾಣದ ಗುರುತಿದೆ. ಮಣಿಪುರದ ಪಾಲೆಲ್ ಹಳೇ ವಿಮಾನ ನಿಲ್ದಾಣದ ಅಂಚಿನಲ್ಲಿ ಸಿಕ್ಕಿದ್ದು." ಅದರ ಕೆಳಗೆ ಭಾವನ ಹೆಸರು, ಅವರು ಅಲ್ಲಿದ್ದ ವರ್ಷ ಬರೆಯಿರಿ. ಅಕ್ಕನನ್ನು ಕೇಳಿ, ಅವರಿಗೆ ನೆನಪಿರುತ್ತೆ, ಭಾವನ ಹಳೇ ಕಾಗದಗಳೂ ಇದ್ದೀತು. ತಯಾರಾದ ವರ್ಷಕ್ಕೆ ಒಂದು ಸಾಲು ಖಾಲಿ ಬಿಡಿ.

ಪೆನ್ಸಿಲ್ ಉಜ್ಜಿದ ಕಾಗದವನ್ನು ಮಡಚದೆ, ಎರಡು ರಟ್ಟಿನ ನಡುವೆ ಇಟ್ಟು ನನಗೆ ಕಳಿಸಿ. ಮೇಸ್ತ್ರಿಯವರೂ ಕಾಯುತ್ತಿದ್ದಾರೆ. ನಿನ್ನೆ ಅವರ ಅಂಗಡಿ ಮುಂದೆ ಹೋಗುವಾಗ ಒಳಗಿಂದಲೇ ಕೂಗಿ ಕೇಳಿದರು, "ಅಂಕಿ ಸಿಕ್ಕಿತಾ?"