ಓದುಗರ ಪ್ರಶ್ನೆ: ಆಶ್ರಯ ಕೇಳುವ ಹಕ್ಕು, ಕೊಡದಿರುವ ದಾರಿಗಳು

ಪ್ರಶ್ನೆ: ಯುದ್ಧದಿಂದ ತಪ್ಪಿಸಿಕೊಂಡು ಬಂದವರೆಲ್ಲ ಕಾನೂನಿನ ಲೆಕ್ಕದಲ್ಲಿ ನಿರಾಶ್ರಿತರೇ? ಅದನ್ನು ಹೇಗೆ ತೀರ್ಮಾನಿಸುತ್ತಾರೆ?

ಉತ್ತರ: ಎಲ್ಲರೂ ಅಲ್ಲ. ನಿರಾಶ್ರಿತರು ಯಾರು ಎಂದು ಹೇಳುವಾಗ 1951ರ ಜಿನೀವಾ ಒಡಂಬಡಿಕೆ ಯುದ್ಧದ ಮಾತನ್ನೇ ಎತ್ತುವುದಿಲ್ಲ. ವ್ಯಕ್ತಿ ತನ್ನ ದೇಶದ ಹೊರಗಿರಬೇಕು, ಮರಳಿದರೆ ಕಿರುಕುಳವಾದೀತೆಂಬ ಭಯಕ್ಕೆ ಆಧಾರವಿರಬೇಕು, ಸ್ವಂತ ಸರ್ಕಾರದಿಂದ ರಕ್ಷಣೆ ಸಿಗುವಂತಿರಬಾರದು. ಜೊತೆಗೆ ಆ ಕಿರುಕುಳಕ್ಕೆ ಜನಾಂಗ, ಧರ್ಮ, ರಾಷ್ಟ್ರೀಯತೆ, ನಿರ್ದಿಷ್ಟ ಸಾಮಾಜಿಕ ಗುಂಪು, ರಾಜಕೀಯ ಅಭಿಪ್ರಾಯ ಇವುಗಳಲ್ಲಿ ಒಂದಾದರೂ ಕಾರಣವಾಗಿರಬೇಕು. ಊರಿನ ಮೇಲೆ ಬಾಂಬ್ ಬಿತ್ತು ಎಂದಷ್ಟೇ ಹೇಳಿದರೆ ಅರ್ಜಿ ನಿಲ್ಲುವುದು ಕಷ್ಟ. ಜನಾಂಗ ನೋಡಿಯೇ ಆ ಊರನ್ನು ಗುರಿಮಾಡಿದ್ದರು ಎಂದು ತೋರಿಸಿದರೆ ನಿಲ್ಲುತ್ತದೆ. ಈ ಕೊರತೆಯನ್ನು ಮೊದಲು ತುಂಬಿದ್ದು ಆಫ್ರಿಕಾ: 1969ರ ಅಲ್ಲಿನ ಒಡಂಬಡಿಕೆ ಹೊರಗಿನ ಆಕ್ರಮಣ, ಸಾರ್ವಜನಿಕ ವ್ಯವಸ್ಥೆಯ ಕುಸಿತಗಳನ್ನೂ ಕಾರಣಗಳಾಗಿ ಒಪ್ಪಿತು.

ಭಯಕ್ಕೆ ಎಷ್ಟು ಆಧಾರ ಬೇಕು? ಹೆಚ್ಚಿನವರು ಅಂದುಕೊಂಡಷ್ಟು ಬೇಡ. ಹತ್ತರಲ್ಲಿ ಒಂದು ಪಾಲಿನ ಅಪಾಯವಿದ್ದರೂ ಭಯ ಸಕಾರಣವಾಗಬಹುದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1987ರಲ್ಲೇ ಹೇಳಿದೆ.

ಅರ್ಜಿಗಳು ಬೀಳುವುದು ಬಹುಮಟ್ಟಿಗೆ ಹೇಳಿಕೆಗಳ ನಡುವಿನ ವ್ಯತ್ಯಾಸದಿಂದ. ಗಡಿಯಲ್ಲಿ ಮೊದಲು ನಡೆಯುವ ಚುಟುಕು ಸಂದರ್ಶನದಲ್ಲಿ ಬಂದ ದಾರಿಯ ಬಗ್ಗೆಯೇ ಹೆಚ್ಚು ಪ್ರಶ್ನೆಗಳು. ವಿವರವಾದ ಸಂದರ್ಶನ ಬರುವುದು ಎಷ್ಟೋ ತಿಂಗಳ ಮೇಲೆ. ಅಧಿಕಾರಿ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದುತ್ತಾರೆ. ಮೊದಲು ಒಂದು ಬಂಧನ, ಆಮೇಲೆ ಎರಡು ಎಂದಿದ್ದರೆ ಅದು ನಂಬಿಕೆಗೆ ಅನರ್ಹ ಎನ್ನಿಸಿಕೊಳ್ಳುತ್ತದೆ. ತಾರೀಖುಗಳ ಗೋಳು ಬೇರೆ. ಇಥಿಯೋಪಿಯಾದ ಪಂಚಾಂಗಕ್ಕೆ 13 ತಿಂಗಳು, ಅದು ನಮ್ಮ ಇಸವಿಗಿಂತ ಏಳೆಂಟು ವರ್ಷ ಹಿಂದೆ. ದುಭಾಷಿ ಬಾಯಿಲೆಕ್ಕದಲ್ಲಿ ಬದಲಾಯಿಸುವಾಗ ಒಂದು ವರ್ಷ ತಪ್ಪಿದರೂ ಬಂಧನಕ್ಕಿಂತ ಮೊದಲೇ ಬಿಡುಗಡೆಯಾದಂತೆ ದಾಖಲಾಗಬಹುದು. ಹಾಗಾಗಿ ತಾರೀಖನ್ನು ಸ್ವಂತ ಪಂಚಾಂಗದಲ್ಲೇ ಹೇಳಿ, ಹಾಗೆಯೇ ಬರೆಸುವುದು ಕ್ಷೇಮ. ಸಹಿಗೆ ಮುನ್ನ ದಾಖಲೆಯನ್ನು ತನ್ನ ಭಾಷೆಯಲ್ಲಿ ಓದಿಸಿಕೊಂಡು ತಪ್ಪನ್ನು ಅಲ್ಲೇ ತಿದ್ದಿಸಬೇಕು. ಮೇಲ್ಮನವಿಯಲ್ಲಿ ತಿದ್ದಲು ಹೋದರೆ ಕಥೆ ಬದಲಿಸಿದರು ಎಂಬ ಮಾತು ಬರುತ್ತದೆ.

ಪ್ರಶ್ನೆ: ಆಶ್ರಯ ಮಾನವ ಹಕ್ಕು ಎನ್ನುತ್ತೀರಿ. ಹಾಗಾದರೆ ಸಹಿ ಹಾಕಿದ ದೇಶಗಳೇ ಬಾಗಿಲು ಹಾಕಿಕೊಳ್ಳುವುದು ಹೇಗೆ?

ಉತ್ತರ: 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 14ನೇ ವಿಧಿ ಆಶ್ರಯ ಕೋರುವ, ಸಿಕ್ಕಿದ್ದನ್ನು ಅನುಭವಿಸುವ ಹಕ್ಕನ್ನು ಕೊಡುತ್ತದೆ. ಕೊಡಲೇಬೇಕು ಎಂಬ ಹೊಣೆಯನ್ನು ಯಾವ ದೇಶದ ಮೇಲೂ ಹಾಕುವುದಿಲ್ಲ. ನಿಜಕ್ಕೂ ಹಲ್ಲಿರುವುದು ಒಡಂಬಡಿಕೆಯ 33ನೇ ವಿಧಿಗೆ: ಜೀವಕ್ಕೋ ಸ್ವಾತಂತ್ರ್ಯಕ್ಕೋ ಅಪಾಯವಿರುವಲ್ಲಿಗೆ ನಿರಾಶ್ರಿತರನ್ನು ವಾಪಸ್ ಕಳಿಸಬಾರದು. ಆದ್ದರಿಂದ ಸರ್ಕಾರಗಳ ಜಾಣತನವೆಲ್ಲ ಜನ ತಮ್ಮ ಗಡಿ ಮುಟ್ಟದಂತೆ ನೋಡಿಕೊಳ್ಳುವುದರಲ್ಲಿದೆ.

ವಿಮಾನವನ್ನೇ ನೋಡಿ. ಸರಿಯಾದ ಪ್ರಯಾಣ ದಾಖಲೆಯಿಲ್ಲದವರನ್ನು ಕರೆತಂದ ಸಂಸ್ಥೆಗೆ ಭಾರೀ ದಂಡ ಹಾಕಬೇಕೆಂದು ಐರೋಪ್ಯ ಒಕ್ಕೂಟದ 2001ರ ನಿರ್ದೇಶನ ಹೇಳುತ್ತದೆ. ದಂಡ ನಿಗದಿಗೆ ಅದು ದೇಶಗಳಿಗೆ ಕೊಟ್ಟ ಆಯ್ಕೆಗಳಲ್ಲಿ ಒಂದರ ಪ್ರಕಾರ ಕನಿಷ್ಠ ದಂಡವೇ ತಲೆಗೆ 3,000 ಯೂರೋಗಿಂತ ಕಡಿಮೆಯಿರುವಂತಿಲ್ಲ. ನಿರಾಶ್ರಿತರ ಹಕ್ಕಿಗೆ ಇದರಿಂದ ಧಕ್ಕೆಯಿಲ್ಲ ಎಂಬ ಮಾತೂ ಅದರಲ್ಲೇ ಇದೆ. ಆದರೆ ಬೋರ್ಡಿಂಗ್ ಕೌಂಟರಿನ ಗುಮಾಸ್ತ ದಂಡ ನೋಡುತ್ತಾನೋ ಒಡಂಬಡಿಕೆ ಓದುತ್ತಾನೋ? ಅಗ್ಗದ ವಿಮಾನದ ಟಿಕೆಟ್ಟಿಗೆ ಬದಲು ಜನ ಸೋರುವ ದೋಣಿಗೆ ಹಲವು ಪಟ್ಟು ಹಣ ತೆರುವುದರ ಹಿಂದೆ ಈ ನಿಯಮವಿದೆ.

ಸಮುದ್ರದಲ್ಲೂ ಇದೇ ಆಟ. 2009ರಲ್ಲಿ ಇಟಲಿ ಸುಮಾರು 200 ಜನರನ್ನು ನಡುಸಮುದ್ರದಲ್ಲೇ ತಡೆದು ಲಿಬಿಯಾಕ್ಕೆ ಬಿಟ್ಟುಬಂತು. ಹಡಗು ನಿಮ್ಮದಾದರೆ ಹೊಣೆಯೂ ನಿಮ್ಮದೇ ಎಂದು 2012ರಲ್ಲಿ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ತೀರ್ಪಿತ್ತಿತು. ಆಮೇಲೆ ತಡೆಯುವ ಕೆಲಸವನ್ನು ಲಿಬಿಯಾದ ಕರಾವಳಿ ಪಡೆಯೇ ಮಾಡುವಂತೆ ಅದಕ್ಕೆ ದೋಣಿ, ತರಬೇತಿ ಕೊಡಲಾಯಿತು.

ಪ್ರಶ್ನೆ: ಅಂತರರಾಷ್ಟ್ರೀಯ ಸಂಬಂಧಗಳ ಯಾವ ಸಿದ್ಧಾಂತ ಇದನ್ನು ಚೆನ್ನಾಗಿ ವಿವರಿಸುತ್ತದೆ? ಪರೀಕ್ಷೆಗೆ ಬೇಕಿತ್ತು.

ಉತ್ತರ: ಬಾಗಿಲು ಮುಚ್ಚುವುದನ್ನು ವಿವರಿಸಲು, ದೇಶಗಳು ಸ್ವಂತ ಹಿತವನ್ನೇ ನೋಡುತ್ತವೆ ಎನ್ನುವ ವಾಸ್ತವವಾದ ಸಾಕು. 1980ರವರೆಗೆ ಅಮೆರಿಕದ ಕಾನೂನು ಮುಖ್ಯವಾಗಿ ಕಮ್ಯುನಿಸ್ಟ್ ದೇಶಗಳಿಂದ ಮತ್ತು ಮಧ್ಯಪ್ರಾಚ್ಯದಿಂದ ಬಂದವರನ್ನೇ ನಿರಾಶ್ರಿತರೆಂದು ಎಣಿಸುತ್ತಿತ್ತು, ಇದಕ್ಕಿಂತ ನೇರ ಉದಾಹರಣೆ ಬೇಡ. 2016ರ ಮಾರ್ಚ್ ಒಪ್ಪಂದದಲ್ಲಿ ಗ್ರೀಕ್ ದ್ವೀಪಗಳಿಗೆ ಬಂದವರನ್ನು ಟರ್ಕಿ ವಾಪಸ್ ಪಡೆಯಲು ಒಪ್ಪಿತು. ಟರ್ಕಿಯಲ್ಲಿದ್ದ ನಿರಾಶ್ರಿತರಿಗಾಗಿ ಐರೋಪ್ಯ ಒಕ್ಕೂಟ 600 ಕೋಟಿ ಯೂರೋವರೆಗೆ ಕೊಡುವ ಮಾತಾಯಿತು. ಆಶ್ರಯ ಕೊಟ್ಟ ದೇಶಕ್ಕೂ ಚೌಕಾಸಿಯ ಬಲ ಬಂತು.

ದೇಶಗಳ ನಡುವೆ ಸಹಕಾರ ಸಾಧ್ಯ ಎಂದು ನಂಬುವ ಉದಾರವಾದಿಗಳ ಪ್ರಶ್ನೆ ಬೇರೆ: ಎಲ್ಲರಿಗೂ ಲಾಭವಾಗುವ ಸಹಕಾರ ಏಕೆ ಹುಟ್ಟುವುದಿಲ್ಲ? ಒಬ್ಬರು ಆಶ್ರಯ ಕೊಟ್ಟರೆ ಉಳಿದವರು ಕೈಕಟ್ಟಿ ಕೂರಬಹುದು, ಅದಕ್ಕೆ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಬಜೆಟ್ ಬಹುಪಾಲು ದೇಶಗಳು ಇಷ್ಟಪಟ್ಟು ಕೊಡುವ ಹಣ. ನಿರಾಶ್ರಿತರ ಕುರಿತ 2018ರ ಜಾಗತಿಕ ಒಪ್ಪಂದಕ್ಕೂ ಕಾನೂನಿನ ಬಲವಿಲ್ಲ.

ಆದರೆ 2022ರಲ್ಲಿ ಸಿಕ್ಕಿಬೀಳುವುದು ವಾಸ್ತವವಾದವೇ. ಯೂರೋಪಿನ ತಾತ್ಕಾಲಿಕ ರಕ್ಷಣೆಯ ನಿರ್ದೇಶನ 2001ರಿಂದ ಕಪಾಟಿನಲ್ಲಿತ್ತು, 2015ರಲ್ಲಿ ಸಿರಿಯಾದವರಿಗಾಗಿ ಅದನ್ನು ತೆಗೆಯಲಿಲ್ಲ. ಯುಕ್ರೇನಿನ ಮೇಲೆ ದಾಳಿಯಾದ ಎಂಟೇ ದಿನಕ್ಕೆ, ಮಾರ್ಚ್ 4ರಂದು, ಜಾರಿಗೊಳಿಸಿದರು. ಒಬ್ಬೊಬ್ಬರ ಭಯವನ್ನೂ ಅಳೆಯುವ ಸಂದರ್ಶನವಿಲ್ಲದೆ ವಾಸ, ಕೆಲಸ, ಶಾಲೆ ಸಿಕ್ಕಿತು. ರಷ್ಯಾದ ವಿರುದ್ಧ ನಿಲ್ಲುವ ಹಿತಾಸಕ್ತಿ ಇತ್ತು, ನಿಜ. ಅಷ್ಟೇ ಆಗಿದ್ದರೆ ಶಸ್ತ್ರಾಸ್ತ್ರ ಕೊಟ್ಟು ಸುಮ್ಮನಿರಬಹುದಿತ್ತು. ಯಾರು ನಮ್ಮವರು ಎಂಬ ಕಲ್ಪನೆಯೇ ನೀತಿಯನ್ನು ರೂಪಿಸುತ್ತದೆ ಎನ್ನುವ ರಚನಾವಾದ ಇಲ್ಲಿ ಹೆಚ್ಚು ಹೇಳುತ್ತದೆ. ಪರೀಕ್ಷೆಯಲ್ಲಿ ಮೂರನ್ನೂ ಬೇರೆ ಬೇರೆ ಪ್ಯಾರಾದಲ್ಲಿ ಬರೆಯುವ ಬದಲು 2015 ಮತ್ತು 2022ನ್ನು ಎದುರುಬದುರು ಇಟ್ಟು ಬರೆಯಿರಿ.

ಪ್ರಶ್ನೆ: ನಕಲಿ ಪಾಸ್‌ಪೋರ್ಟಿನಲ್ಲಿ ಬಂದವರು ಆಶ್ರಯ ಕೇಳಬಹುದೇ?

ಉತ್ತರ: ಕೇಳಬಹುದು. ಅಕ್ರಮ ಪ್ರವೇಶಕ್ಕೆ ಶಿಕ್ಷಿಸಬಾರದು ಎನ್ನುತ್ತದೆ 1951ರ ಒಡಂಬಡಿಕೆಯ 31ನೇ ವಿಧಿ. ಆದರೆ ಅಪಾಯವಿದ್ದ ಜಾಗದಿಂದ ನೇರವಾಗಿ ಬಂದಿರಬೇಕು, ತಡಮಾಡದೆ ಅಧಿಕಾರಿಗಳ ಮುಂದೆ ಹಾಜರಾಗಬೇಕು, ಹಾಗೆ ಬಂದದ್ದಕ್ಕೆ ತಕ್ಕ ಕಾರಣ ಕೊಡಬೇಕು. ನಡುವೆ ಬೇರೆ ದೇಶದಲ್ಲಿ ಸ್ವಲ್ಪ ಕಾಲ ತಂಗಿದ್ದರೆ ‘ನೇರವಾಗಿ’ ಎಂಬುದರ ಮೇಲೆ ವಾದ ಏಳುತ್ತದೆ. ಅಲ್ಲಿ ಏಕೆ ನಿಲ್ಲಲಾಗಲಿಲ್ಲ ಎಂಬುದನ್ನು ಮೊದಲ ಹೇಳಿಕೆಯಲ್ಲೇ ಬರೆಸಬೇಕು.