ಬೀದಿನಾಯಿ ಹುಟ್ಟುವುದು ಬಾಡಿಗೆ ಕರಾರಿನಲ್ಲಿ

ಓದುಗರ ಪತ್ರ: ಮೈಸೂರಿನ ಕುವೆಂಪುನಗರದಿಂದ ಒಬ್ಬ ನಿವೃತ್ತ ಮೇಷ್ಟ್ರು ಬರೆದಿದ್ದಾರೆ. ಕೆಳಗೆ ಅವರ ವಾಸ, ಮೇಲೆ ಎರಡು ಬಾಡಿಗೆ ಮನೆ. ಒಂದರಲ್ಲಿರುವ ಗಂಡ-ಹೆಂಡತಿ ಐದು ತಿಂಗಳ ಹಿಂದೆ ಬೀದಿಯಲ್ಲಿದ್ದ ನಾಯಿಮರಿಯನ್ನು ತಂದು ಸಾಕುತ್ತಿದ್ದಾರೆ. ಸಾಕುಪ್ರಾಣಿ ಕೂಡದು ಎಂದು ಅಗ್ರಿಮೆಂಟಿನಲ್ಲಿದೆ. ಕೇಳಿದರೆ ಮೊಬೈಲಿನಲ್ಲಿ ಯಾವುದೋ ಸುತ್ತೋಲೆ ತೋರಿಸುತ್ತಾರಂತೆ. 'ಒಂದು ವಾರದಲ್ಲಿ ಖಾಲಿ ಮಾಡಿಸಬಹುದೇ? ಅಡ್ವಾನ್ಸ್ ಹಿಡಿದುಕೊಳ್ಳಬಹುದೇ?' ಇದು ಅವರ ಪ್ರಶ್ನೆ.

ಸಂಪಾದಕರ ಉತ್ತರ:

ಮೇಷ್ಟ್ರೇ, ಮೊದಲು ನಿಮ್ಮ ಪಾಲಿನದನ್ನು ನಿಮಗೆ ಕೊಟ್ಟುಬಿಡುತ್ತೇನೆ. ಆಮೇಲೆ ಜಗಳ ಆಡೋಣ.

ಕರಾರಿನಲ್ಲಿ ಬರೆದಿದೆ, ಅವರು ಸಹಿ ಹಾಕಿದ್ದಾರೆ. ಕೇಳದೆ ಮರಿ ತಂದದ್ದು ತಪ್ಪೇ. ಅವರು ತೋರಿಸುವ ಸುತ್ತೋಲೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಇರಬೇಕು. ಅದು ಬುದ್ಧಿ ಹೇಳುವುದು ಅಪಾರ್ಟ್‌ಮೆಂಟ್ ಸಂಘಗಳಿಗೆ. ಬಹುಮತ ಇದ್ದರೂ ನಾಯಿ ಸಾಕಬೇಡಿ ಅನ್ನುವ ಹಾಗಿಲ್ಲ, ಲಿಫ್ಟಿಗೆ ಹತ್ತಿಸಬೇಡಿ ಅನ್ನುವ ಹಾಗಿಲ್ಲ ಎನ್ನುತ್ತದೆ. ಸ್ವಂತ ಮಹಡಿಯನ್ನು ಬಾಡಿಗೆಗೆ ಕೊಟ್ಟ ನಿಮ್ಮ ಕೈ ಕಟ್ಟುವ ಕಾಗದ ಅದಲ್ಲ. ವಾಟ್ಸಾಪಿನಲ್ಲಿ ಮಾತ್ರ ಬೇರೆ ಅರ್ಥ ಹೊತ್ತು ಓಡಾಡುತ್ತಿದೆ.

ಆದರೆ ಒಂದು ವಾರ? ಆಗುವುದಿಲ್ಲ. ಕರಾರಿನಲ್ಲಿ ಎಷ್ಟು ದಿನದ ನೋಟಿಸ್ ಅಂತಿದೆಯೋ ಅಷ್ಟು ಕೊಡಬೇಕು. ಹೋಗದಿದ್ದರೆ ಕೋರ್ಟು. ಬೀಗ ಜಡಿಯುವುದು, ನೀರು ನಿಲ್ಲಿಸುವುದು ಬೇಡ. ಅಡ್ವಾನ್ಸ್ ಮುರಿದುಕೊಳ್ಳಬೇಕಾದರೆ ಆಗಿರುವ ಹಾನಿಯ ಲೆಕ್ಕ ಬೇಕು. ಬಾಗಿಲ ಮೇಲೆ ಉಗುರಿನ ನಾಲ್ಕು ಗೀರು ಅಂತ ಬರೆದಿದ್ದೀರಿ. ನಾಲ್ಕು ಗೀರಿಗೆ ಇಡೀ ಅಡ್ವಾನ್ಸೇ?

ಈಗ ನನ್ನ ಸರದಿ. ನಿಮ್ಮ ಪತ್ರದ ಎರಡನೇ ಪುಟದಲ್ಲಿ ಬೀದಿನಾಯಿಗಳ ಕಾಟದಿಂದ ವಾಕಿಂಗ್ ಬಿಟ್ಟೆ ಎಂದಿದ್ದೀರಿ. ಮೂರನೇ ಪುಟದಲ್ಲಿ ಮರಿಯನ್ನು ಎಲ್ಲಾದರೂ ಬಿಟ್ಟು ಬರಲಿ ಎಂದಿದ್ದೀರಿ. ಎಲ್ಲಿ ಬಿಡಬೇಕು ಮೇಷ್ಟ್ರೇ? ಪಕ್ಕದ ಬಡಾವಣೆಯಲ್ಲಿ, ಅಲ್ವಾ? ಅಲ್ಲೂ ಒಬ್ಬರು ವಾಕಿಂಗ್ ಹೋಗುತ್ತಾರೆ.

ಇದನ್ನು ಹೇಳುವ ಯೋಗ್ಯತೆ ನನಗೂ ಇಲ್ಲ. ಮದುವೆಯಾದ ಹೊಸದರಲ್ಲಿ ಬೆಂಗಳೂರಿನಲ್ಲಿ ನಮ್ಮದೊಂದು ಕೆಂದು ನಾಯಿ ಇತ್ತು. ಕೆಂಚ. ಹೊಸ ಮನೆಯ ಮಾಲೀಕರು 'ನೀವು ಬನ್ನಿ, ಅದು ಬೇಡ' ಎಂದರು. ಸ್ಕೂಟರಿನಲ್ಲಿ ಕೂರಿಸಿಕೊಂಡು ಕೆಂಗೇರಿ ದಾಟಿದೆ. ಒಂದು ಹೋಟೆಲಿನ ಮುಂದೆ ಬನ್ನು ಹಾಕಿದೆ. ಅದು ತಿನ್ನುತ್ತಿದ್ದಾಗ ಗಾಡಿ ತಿರುಗಿಸಿದೆ. ಅರ್ಧ ಬನ್ನು ಬಿಟ್ಟು ಹಿಂದೆ ಓಡಿಬಂತು. ಸ್ವಲ್ಪ ದೂರ ಕನ್ನಡಿಯಲ್ಲಿ ಕಾಣುತ್ತಿತ್ತು. ನನ್ನ ಹೆಂಡತಿ ಈಗಲೂ ಆ ರಸ್ತೆಯಲ್ಲಿ ಬಸ್ಸು ಹೋಗುವಾಗ ನನ್ನ ಜೊತೆ ಮಾತಾಡುವುದಿಲ್ಲ.

ಅದು ಅಪರಾಧ ಎಂದು ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಸಾಕಿದ ಪ್ರಾಣಿಯನ್ನು ಹಸಿವು-ನೀರಡಿಕೆಗೆ ಬಿಟ್ಟುಹೋದರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಶಿಕ್ಷೆ ಇದೆ. ಮೊದಲ ಸಲ ₹10ರಿಂದ ₹50 ದಂಡ. ಎರಡು ಕಾಫಿಯ ದುಡ್ಡು! ಇದನ್ನು ಓದಿದ ದಿನ ನನಗೆ ಸಮಾಧಾನವಾಗಲಿಲ್ಲ, ಸಿಟ್ಟು ಬಂತು.

ಬೇರೆ ಕಡೆ ಏನು ಮಾಡಿದ್ದಾರೆ ನೋಡಿ. ಫ್ರಾನ್ಸಿನಲ್ಲಿ 1970ರ ಕಾನೂನಿನ ಪ್ರಕಾರ ಬಾಡಿಗೆ ಮನೆಯಲ್ಲಿ ಪ್ರಾಣಿ ಸಾಕಬೇಡಿ ಎನ್ನುವ ಷರತ್ತಿಗೆ ಬೆಲೆಯೇ ಇಲ್ಲ. ಪ್ರಾಣಿಯಿಂದ ಹಾನಿ, ತೊಂದರೆ ಆಗಬಾರದು, ಅಷ್ಟೇ. ಜರ್ಮನಿಯಲ್ಲಿ ಅಚ್ಚುಹಾಕಿದ ಕರಾರಿನಲ್ಲಿ ನಾಯಿ-ಬೆಕ್ಕನ್ನು ಸಾರಾಸಗಟು ಬೇಡ ಎನ್ನುವುದು ಸಲ್ಲದು ಎಂದು ಅಲ್ಲಿನ ಉನ್ನತ ನ್ಯಾಯಾಲಯ 2013ರಲ್ಲಿ ಹೇಳಿತು. ನ್ಯೂಯಾರ್ಕ್ ನಗರದ್ದು ಇನ್ನೂ ಮಜಾ. ಮೂರು ಅಥವಾ ಜಾಸ್ತಿ ಮನೆಗಳ ಕಟ್ಟಡದಲ್ಲಿ ನಾಯಿಯನ್ನು ರಾಜಾರೋಷವಾಗಿ ಸಾಕಿದ್ದು ಗೊತ್ತಾಗಿಯೂ ಮಾಲೀಕ 3 ತಿಂಗಳೊಳಗೆ ಕೋರ್ಟಿಗೆ ಹೋಗದಿದ್ದರೆ ಷರತ್ತು ಬಿಟ್ಟುಕೊಟ್ಟ ಹಾಗೆ. ನಿಮ್ಮದು ಮೂರು ಮನೆ, ಮರಿ ಬಂದು ಐದು ತಿಂಗಳು. ಲೆಕ್ಕದ ಮೇಷ್ಟ್ರಿಗೆ ನಾನು ಹೇಳಬೇಕೇ?

ನಮ್ಮಲ್ಲಿ ಭೈರವನ ಪಕ್ಕದ ನಾಯಿಗೆ ಕುಂಕುಮ ಹಚ್ಚುತ್ತೇವೆ, ಮಹಡಿಯ ನಾಯಿಗೆ ನೋಟಿಸ್ ಕೊಡುತ್ತೇವೆ. ಸರ್ಕಾರದವರೂ ಅಷ್ಟೇ, ಏನಾದರೂ ಆದರೆ ನಿಷೇಧ. 2018ರಲ್ಲಿ ಬಿಬಿಎಂಪಿ ಫ್ಲ್ಯಾಟಿಗೆ ಒಂದೇ ನಾಯಿ ಎಂದಿತು, ಗದ್ದಲ ಎದ್ದಿತು. 2024ರಲ್ಲಿ ಕೇಂದ್ರ 23 ತಳಿಗಳು ಬೇಡ ಎಂದು ಸುತ್ತೋಲೆ ಹೊರಡಿಸಿತು. ಅದನ್ನು ನಮ್ಮ ಹೈಕೋರ್ಟೇ ರದ್ದು ಮಾಡಿತು.

ಇನ್ನು ಆ ಅಗ್ರಿಮೆಂಟ್. ಅದನ್ನು ಬರೆದವರು ಯಾರು ಹೇಳಿ? ನೀವಂತೂ ಅಲ್ಲ. ಸ್ಟಾಂಪ್ ಪೇಪರ್ ಅಂಗಡಿಯವರ ಕಂಪ್ಯೂಟರಿನಲ್ಲಿ ಒಂದು ಹಳೇ ಫೈಲು ಇರುತ್ತದೆ. ಹೆಸರು, ಬಾಡಿಗೆ ಬದಲಾಯಿಸಿ ಪ್ರಿಂಟ್ ಕೊಡುತ್ತಾರೆ. ವರ್ಷ ಮೀರಿದರೆ ನೋಂದಣಿ ಮಾಡಿಸಬೇಕಲ್ಲ ಅಂತ 11 ತಿಂಗಳು. ಎಲ್ಲ ಇಂಗ್ಲಿಷು. ಇಲ್ಲದ ಬೋರ್‌ವೆಲ್ಲಿನ ಮೋಟರನ್ನು ಜೋಪಾನ ಮಾಡುತ್ತೇನೆ ಎಂದು ನಾನೇ ಒಮ್ಮೆ ಸಹಿ ಹಾಕಿದ್ದೇನೆ! ಖಾಲಿ ಮಾಡುವಾಗ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹೋಗುವುದೂ ಅಂಥ ಫೈಲಿನಿಂದಲೇ. ಗೋಡೆಗೆ ಬಣ್ಣ ಬಿತ್ತೋ ಇಲ್ಲವೋ, ಕೇಳುವವರಿಲ್ಲ.

ಮುಂದಿನ ತಿಂಗಳು ಕರಾರು ಮುಗಿಯುತ್ತದೆ ಎಂದಿದ್ದೀರಿ. ಹೊಸದನ್ನು ಕನ್ನಡದಲ್ಲಿ ನೀವೇ ಬರೆಯಿರಿ. ಮರಿಗೆ ರೇಬಿಸ್ ಲಸಿಕೆ ಹಾಕಿಸಿ ಚೀಟಿ ತೋರಿಸಬೇಕು. ಮೆಟ್ಟಿಲ ಮೇಲೆ ಗಲೀಜಾದರೆ ಅವರೇ ತೊಳೆಯಬೇಕು. ಬಾಗಿಲಿನ ಪಾಲಿಶ್ ಖರ್ಚು ಅವರದು. ಒಂದು ಪ್ರತಿ ನನಗೂ ಕಳಿಸಿ. ಅದರಲ್ಲಿ ಮರಿಯ ಹೆಸರೂ ಇರಲಿ, ಪತ್ರದಲ್ಲಿ ಎಲ್ಲೂ ಕಾಣಲಿಲ್ಲ.