ಮೂರು ಕಾಲಂಗಳನ್ನು ಅಳಿಸಿಬಿಡಿ

ರೂಪ, ವಸ್ತು, ಭಾವ ಎಂದು ಮೂರು ಕಾಲಂ ಎಳೆದುಕೊಂಡು ಯುರೋಪಿನ ರೆನೆಸಾನ್ಸ್ (ಪುನರುಜ್ಜೀವನ) ಕಾಲದ ಚಿತ್ರಗಳನ್ನು ಅರ್ಥೈಸುತ್ತಿದ್ದೇನೆ, ಭಾವದ ಕಾಲಂ ಮಾತ್ರ ತುಂಬುವುದಿಲ್ಲ, ಮೊದಲು ಬೈಬಲ್ ಓದಬೇಕೇ ಎಂದು ಕೇಳಿದ್ದೀರಿ. ನನ್ನ ಎಂ.ಎ. ಪ್ರಬಂಧದಲ್ಲಿಯೂ ಅದೇ ಕಾಲಂ ಖಾಲಿ ಉಳಿದಿತ್ತು. ಅದಕ್ಕಾಗಿ ಒಂದು ವರ್ಷ ಕಳೆದುಕೊಂಡೆ.

ನಾನು ಆರಿಸಿಕೊಂಡದ್ದು ಹದಿನೈದನೆಯ ಶತಮಾನದ ಚಿತ್ರಕಾರ ರೋಹಿರ್ ವ್ಯಾನ್ ಡೆರ್ ವೇಡನ್ ಬರೆದ ಚಿತ್ರ: ಯೇಸುವಿನ ದೇಹವನ್ನು ಶಿಲುಬೆಯಿಂದ ಇಳಿಸುತ್ತಿರುವ ದೃಶ್ಯ. 1443ಕ್ಕಿಂತ ಮೊದಲು ಈಗಿನ ಬೆಲ್ಜಿಯಂನ ಲ್ಯುವೆನ್ ನಗರದ ಅಡ್ಡಬಿಲ್ಲುಗಾರರ (ಕ್ರಾಸ್‌ಬೋ ಹಿಡಿಯುವವರ) ಸಂಘಕ್ಕಾಗಿ ಮಾಡಿದ್ದು, ಈಗ ಮ್ಯಾಡ್ರಿಡ್‌ನ ಪ್ರಾಡೊ ಸಂಗ್ರಹಾಲಯದಲ್ಲಿದೆ. ಮೂಲದ ಅಗಲ ಎರಡೂವರೆ ಮೀಟರಿಗಿಂತ ಹೆಚ್ಚು. ನನ್ನ ಬಳಿ ಇದ್ದದ್ದು ಪುಸ್ತಕದ ಅರ್ಧ ಪುಟದ ಮುದ್ರಣ.

ತಪ್ಪು ಮೊದಲ ದಿನವೇ ಆಯಿತು. ಚಿತ್ರವನ್ನು ಐದು ನಿಮಿಷವೂ ನೋಡದೆ ಸಂಕೇತಗಳ ಅರ್ಥ ಹುಡುಕಲು ಕುಳಿತೆ. ನೆಲದ ಮೇಲಿನ ತಲೆಬುರುಡೆ ಬೈಬಲ್‌ನ ಮೊದಲ ಮನುಷ್ಯ ಆದಾಮನದು. ಮೂಲೆಗಳಲ್ಲಿರುವ ಪುಟ್ಟ ಅಡ್ಡಬಿಲ್ಲುಗಳು ಸಂಘದ ಗುರುತು. ಯೇಸುವಿನ ತಾಯಿ ಮರಿಯಳ ಉಡುಪಿನ ನೀಲಿ ಬಣ್ಣ, ದುಬಾರಿ ಲಾಜವರ್ದ ಕಲ್ಲಿನಿಂದ ಮಾಡಿದ್ದು. ಇವುಗಳಲ್ಲಿ ಒಂದೂ ತಪ್ಪಲ್ಲ, ಆದ್ದರಿಂದಲೇ ನಾನು ಕೆಟ್ಟೆ. ಬುರುಡೆ ಯಾರದೆಂದು ಗೊತ್ತಾದ ಮೇಲೆ ಬುರುಡೆಯ ಕಡೆ ಮತ್ತೆ ಕಣ್ಣು ಹೋಗಲಿಲ್ಲ. ಅದರ ಸಮೀಪದಲ್ಲೇ ನೆಲಕ್ಕೆ ತಾಗುವಂತಿರುವ ಮರಿಯಳ ಕೈ ನನಗೆ ಕಾಣಲೇ ಇಲ್ಲ. ಹಿನ್ನೆಲೆಯ ಹೊಂಬಣ್ಣವನ್ನು "ಹಳೆಯ ಶೈಲಿಯ ಉಳಿಕೆ" ಎಂದು ಒಂದು ಸಾಲಿನಲ್ಲಿ ಮುಗಿಸಿದೆ. ಅರವತ್ತು ಪುಟ ಬರೆದೆ. ಅಷ್ಟೂ ಪುಟಗಳಲ್ಲಿ ಅಳುವವರು ಯಾರೂ ಇರಲಿಲ್ಲ.

ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಆ ಮುದ್ರಣವನ್ನು ತಲೆಕೆಳಗು ಮಾಡಿ ನನ್ನ ಮುಂದಿಟ್ಟರು. "ಕಥೆ ಬೇಡಮ್ಮ. ಒಂದೇ ಬಾಗು ಎಷ್ಟು ಸಲ ಬಂದಿದೆ, ಹೇಳು" ಎಂದರು. ನನಗೆ ಹೇಳಲಾಗಲಿಲ್ಲ. ಅವರೇ ಬೆರಳಿನಿಂದ ಎಳೆದು ತೋರಿಸಿದರು: ಯೇಸುವಿನ ದೇಹ ಹೇಗೆ ಜೋತುಬಿದ್ದಿದೆಯೋ, ಮೂರ್ಛೆ ಹೋದ ತಾಯಿಯ ದೇಹವೂ ಹಾಗೆಯೇ ಕುಸಿದಿದೆ. ಮೊಳೆಯ ಗಾಯವಿರುವ ಅವನ ಕೈಯ ಹತ್ತಿರವೇ ಗಾಯವಿಲ್ಲದ ಅವಳ ಕೈ. ಹಿಂದೆ ಬಯಲಿಲ್ಲ, ಆಕಾಶವಿಲ್ಲ. ಪೆಟ್ಟಿಗೆಯಂಥ ಇಕ್ಕಟ್ಟಿನಲ್ಲಿ ಹತ್ತು ಜನ. ಆ ದುಃಖಕ್ಕೆ ಹೊರಹೋಗುವ ದಾರಿಯನ್ನೇ ಚಿತ್ರಕಾರ ಉಳಿಸಿಲ್ಲ. ನಾನು ಶೈಲಿಯ ಉಳಿಕೆ ಎಂದಿದ್ದ ಹೊಂಬಣ್ಣ ಮಾಡುತ್ತಿದ್ದ ಕೆಲಸ ಅದು. ಪ್ರಬಂಧ ಹಿಂದಕ್ಕೆ ಬಂತು.

ಮಗನ ಯಾತನೆಯನ್ನು ತಾಯಿಯೂ ಅನುಭವಿಸಿದಳು ಎಂಬುದು ಆ ಕಾಲದ ಭಕ್ತರ ನಂಬಿಕೆ. ಆ ನಂಬಿಕೆ ಇಲ್ಲಿ ಎರಡು ದೇಹಗಳ ಒಂದೇ ಬಾಗಾಗಿ ನಿಂತಿದೆ. ಇದನ್ನು ನಿಮ್ಮ ಯಾವ ಕಾಲಂಗೆ ಹಾಕುತ್ತೀರಿ? ಹಾಗಾಗಿ ನಿಮ್ಮ ವಿಂಗಡಣೆಯನ್ನೇ ನಾನು ಒಪ್ಪುವುದಿಲ್ಲ. ಭಾವವೆಂದರೆ ನೋಡುವವರ ಸ್ವಂತ ಅನಿಸಿಕೆ, ಅದನ್ನು ಕೊನೆಗೆ ಸೇರಿಸಿಕೊಳ್ಳಬಹುದು ಎಂಬ ಮಾತನ್ನೂ ನಂಬಬೇಡಿ. ಬೈಬಲ್ ಓದಿ, ಖಂಡಿತ ಓದಿ, ಆದರೆ ಎರಡನೆಯ ದಿನ.

ಮೊದಲ ದಿನ ಟ್ರೇಸಿಂಗ್ ಹಾಳೆ ಹಾಸಿ ದೇಹಗಳ ಗೆರೆಗಳನ್ನಷ್ಟೇ ತೆಗೆಯಿರಿ. ಆ ಭಂಗಿಯಲ್ಲಿ ನೀವೇ ನಿಂತು ನೋಡಿ, ಎಲ್ಲಿ ನೋಯುತ್ತದೆ ಎಂದು ಗಮನಿಸಿ. ಇಟಲಿಯ ಫ್ಲಾರೆನ್ಸ್‌ನ ಬ್ರಾಂಕಾಚ್ಚಿ ಚಾಪೆಲ್ ಎಂಬ ಪ್ರಾರ್ಥನಾ ಮಂದಿರದಲ್ಲಿ 1420ರ ದಶಕದಲ್ಲಿ ಚಿತ್ರಕಾರ ಮಸಾಚ್ಚೊ ಬರೆದ ಭಿತ್ತಿಚಿತ್ರದಿಂದ ಶುರುಮಾಡಿ. ಸ್ವರ್ಗದ ತೋಟದಿಂದ ಹೊರದೂಡಿಸಿಕೊಂಡ ಮೊದಲ ಹೆಣ್ಣು ಹವ್ವ ಮೈಯನ್ನು ಮುಚ್ಚಿಕೊಂಡಿದ್ದಾಳೆ. ಆದಾಮ ಮೈಯನ್ನು ಹಾಗೆಯೇ ಬಿಟ್ಟು ಎರಡೂ ಕೈಗಳಿಂದ ಮುಖವನ್ನು ಮುಚ್ಚಿಕೊಂಡಿದ್ದಾನೆ. ಏಕೆ ಎಂದು ಯಾರನ್ನೂ ಕೇಳದೆ ಬರೆದು, ನನಗೆ ತೋರಿಸಿ.